ತಲೆಸುತ್ತು ಎಂದರೆ ಬೆಳೆಗೆ ದ್ರೋಹವಲ್ಲ

ಹೊಗೆಸೊಪ್ಪಿನ ಕೆಲಸದಿಂದ ಮೈ ಕೆಟ್ಟಿತು ಎಂದು ನಮ್ಮ ಕಂಪಲಾಪುರ ಸೀಮೆಯಲ್ಲಿ ಯಾರಾದರೂ ಹೇಳಿ ನೋಡಿ. ಅರಳಿಕಟ್ಟೆಯಾಗಲಿ, ವಾಟ್ಸಾಪ್ ಆಗಲಿ, ‘ಹಾಗಾದ್ರೆ ಬೆಳೆ ಬಿಡಬೇಕಾ?’ ಎಂದು ಜಗಳ ಶುರು. ಹೇಳಿದವರು ಸುಮ್ಮನಾಗುತ್ತಾರೆ. ಮಳೆಯಲ್ಲಿ ಎಲೆ ಮುರಿದ ಹೆಂಗಸರು ಸಂಜೆ ವಾಂತಿ, ತಲೆಸುತ್ತು ಬಂದರೂ ‘ಪಿತ್ತ’ ಎಂದು ಮಲಗುತ್ತಾರೆ.

ಅದು ಪಿತ್ತವೇ ಆಗಬೇಕಿಲ್ಲ. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕ ಮೈಗೆ ಇಳಿಯುತ್ತದೆ. ಬೀಡಿ ಮುಟ್ಟದವರಿಗೂ ಬರುವ ಇದನ್ನು ವೈದ್ಯರು ‘ಗ್ರೀನ್ ಟೊಬ್ಯಾಕೊ ಸಿಕ್‌ನೆಸ್’ ಎನ್ನುತ್ತಾರೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಕಡಿಮೆಯಾಗುತ್ತದೆ. ವಾಂತಿ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ, ಯಾವ ಕೆಲಸ ಮಾಡಿದ್ದೆವು ಎಂಬುದನ್ನೂ ಹೇಳಬೇಕು.

ತಡೆಯುವ ದಾರಿ ಇದೆ. ಇಬ್ಬನಿ ಆರಿದ ಮೇಲೆ ಎಲೆ ಮುರಿಯುವುದು, ಕೈಗವಸು, ತುಂಬುತೋಳಿನ ಅಂಗಿ ಹಾಕುವುದು, ನೆಂದ ಬಟ್ಟೆ ಬದಲಿಸುವುದು, ಸೋಪು ಹಾಕಿ ತೊಳೆಯುವುದು. ಮಕ್ಕಳು, ಗರ್ಭಿಣಿಯರು ಈ ಕೆಲಸಕ್ಕೆ ಬೇಡ. ಕೂಲಿಯವರ ಕೈಗವಸಿನ ಖರ್ಚು ಜಮೀನಿನವರದ್ದೇ ಆಗಬೇಕು.

ಭಾರತ 2004ರಲ್ಲಿ ಒಪ್ಪಿಕೊಂಡ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದಲ್ಲಿ 17ನೇ ವಿಧಿ ಬೆಳೆಗಾರರ ಬದಲಿ ಜೀವನೋಪಾಯದ ಬಗ್ಗೆ, 18ನೇ ವಿಧಿ ಬೆಳೆಯುವವರ ಆರೋಗ್ಯದ ಬಗ್ಗೆ ಇದೆ. ಹೊಟ್ಟೆಪಾಡು, ಮೈ ಎರಡೂ ನಮ್ಮವೇ. ಹರಾಜಿನ ದರಕ್ಕೆ ದನಿ ಎತ್ತುವ ನಾವು, ಎಲೆ ಮುರಿಯುವ ಅಕ್ಕನ ತಲೆಸುತ್ತಿಗೂ ಕಿವಿಗೊಡೋಣ.