ಹೊದಿಗೆರೆಯಲ್ಲಿ ಮಲಗಿದವನ ಹೆಸರು

ಮನೆಯಲ್ಲಿ ಗಂಡು ಮಗು ಹುಟ್ಟಿತು ಎಂದರೆ ಏಳನೇ ದಿನದೊಳಗೆ ಹೆಸರು ಹುಡುಕುವ ಗಡಿಬಿಡಿ. ಅಜ್ಜ ಮೊಯ್ದಿನಬ್ಬರ ಹೆಸರಿಡೋಣ ಅಂದರೆ 'ಅದು ಹಳೇ ಕಾಲದ್ದಾಯ್ತು' ಅನ್ನುತ್ತಾರೆ. ಮೊಬೈಲ್ ನೋಡಿ ಹೊಸ ಹೆಸರು ಆರಿಸಿ, 'ಇದನ್ನು ಇಡಬಹುದಾ' ಎಂದು ಉಸ್ತಾದರನ್ನು ಕೇಳುತ್ತಾರೆ. ಇತ್ತೀಚೆಗೆ ಇನ್ನೊಂದು ಪ್ರಶ್ನೆಯೂ ಮೆಲ್ಲಗೆ ಕೇಳಿಬರುತ್ತಿದೆ: 'ಕೇಳಿದ ಕೂಡಲೇ ಮುಸ್ಲಿಂ ಅಂತ ಗೊತ್ತಾಗದ ಹೆಸರಿದ್ದರೆ ಮುಂದೆ ಬಾಡಿಗೆ ಮನೆಗೆ, ಕೆಲಸಕ್ಕೆ ಒಳ್ಳೇದಲ್ವಾ?'

ಈ ಕೊನೆಯ ಪ್ರಶ್ನೆ ನಮ್ಮನ್ನು ನೋಯಿಸುತ್ತದೆ. ಅದಕ್ಕೆ ಉತ್ತರ ಹುಡುಕಲು ಈ ವಾರ ಕರಾವಳಿ ಬಿಟ್ಟು, ಘಟ್ಟ ಹತ್ತಿ, ದಾವಣಗೆರೆ ಜಿಲ್ಲೆಯ ಬಸವಾಪಟ್ಟಣದ ಕಡೆಗೆ ಹೋಗೋಣ.

ಇವತ್ತು ಬಸವಾಪಟ್ಟಣ ಚನ್ನಗಿರಿ ತಾಲೂಕಿನ ಒಂದು ಊರು. ಹಿಂದೆ ಅದು ಕೋಟೆ ಇದ್ದ ದೊಡ್ಡ ಠಾಣೆ. 1687ರಲ್ಲಿ ಮೊಗಲರು ಶಿರಾ ಪ್ರಾಂತ್ಯ ಮಾಡಿದಾಗ ಅದರ ಏಳು ಪರಗಣಗಳಲ್ಲಿ ಬಸವಾಪಟ್ಟಣವೂ ಒಂದು. ಅದೇ ತಾಲೂಕಿನ ಹೊದಿಗೆರೆಯಲ್ಲಿ ಒಂದು ಸಮಾಧಿ ಇದೆ. ಶಿವಾಜಿಯ ತಂದೆ ಶಹಾಜಿ ಭೋಂಸ್ಲೆಯದ್ದು. ಬಿಜಾಪುರದ ಆದಿಲ್‌ಶಾಹಿಯ ಸರದಾರನಾಗಿ ಈ ಸೀಮೆಗೆ ಬಂದಿದ್ದ ಆತ 1664ರ ಜನವರಿಯಲ್ಲಿ ಬೇಟೆಗೆ ಹೋದಾಗ ಕುದುರೆಯಿಂದ ಬಿದ್ದು ಇಲ್ಲೇ ತೀರಿಕೊಂಡ.

ಆತನ ಯುದ್ಧಗಳ ಕತೆ ಎಲ್ಲರೂ ಹೇಳುತ್ತಾರೆ. ನಾವು ಕೇಳುವುದು ಬೇರೆ. ಆ ಹೆಸರು ಅವನಿಗೆ ಹೇಗೆ ಬಂತು?

ಶಹಾಜಿಯ ತಂದೆ ಮಾಲೋಜಿಗೆ ಬಹಳ ಕಾಲ ಮಕ್ಕಳಿರಲಿಲ್ಲ. ಅಹ್ಮದ್‌ನಗರದಲ್ಲಿ (ಈಗ ಆ ಊರಿನ ಹೆಸರೂ ಅಹಿಲ್ಯಾನಗರ ಎಂದಾಗಿದೆ) ಶಾಹ್ ಶರೀಫ್ ಎಂಬ ಸೂಫಿ ಸಂತರ ದರ್ಗಾ ಇದೆ. ಅಲ್ಲಿ ಹರಕೆ ಹೊತ್ತ ಮೇಲೆ ಇಬ್ಬರು ಗಂಡು ಮಕ್ಕಳಾದರು. ಸಂತರ ಹೆಸರನ್ನೇ ಎರಡು ಪಾಲು ಮಾಡಿ ಅಣ್ಣನಿಗೆ ಶಹಾಜಿ, ತಮ್ಮನಿಗೆ ಶರೀಫ್‌ಜಿ ಎಂದು ಇಟ್ಟರು. ಇದು ನಮ್ಮವರು ಕಟ್ಟಿದ ಕತೆ ಅಲ್ಲ. ಶಿವಾಜಿಯ ಆಶ್ರಯದಲ್ಲಿದ್ದ ಕವೀಂದ್ರ ಪರಮಾನಂದ ಸಂಸ್ಕೃತದಲ್ಲಿ ಬರೆದ 'ಶಿವಭಾರತ'ದಲ್ಲೇ ಇದೆ.

'ಶಾಹ್' ಪಾರ್ಸಿ ಶಬ್ದ, ಅರಸ ಎಂದು ಅರ್ಥ. ಸೂಫಿಗಳನ್ನೂ ಜನ ಗೌರವದಿಂದ ಹಾಗೆ ಕರೆದರು. 'ಶರೀಫ್' ಅರಬಿ, ಕುಲೀನ ಎಂದು ಅರ್ಥ. ಅದಕ್ಕೆ ನಮ್ಮ ದೇಶದ 'ಜಿ' ಸೇರಿ ಮರಾಠಿ ಮನೆಯ ಹೆಸರಾಯಿತು. 1638ರ ಹೊತ್ತಿಗೆ ಅದು ಜಹಗೀರಿನೊಂದಿಗೆ ಬೆಂಗಳೂರಿಗೆ ಬಂತು. ಶಹಾಜಿಯನ್ನು ಹೊಗಳಿ ಜಯರಾಮ ಪಿಂಡ್ಯೆ ರಚಿಸಿದ ಚಂಪೂ ಕಾವ್ಯದಲ್ಲಿ ಹಲವು ಭಾಷೆಗಳ ಪದ್ಯಗಳಿವೆ, ಅವುಗಳಲ್ಲಿ ಕನ್ನಡವೂ ಒಂದು. ಮುಂದೆ ತಂಜಾವೂರಿನಲ್ಲಿ ಏಕೋಜಿಯ ಮಗನಿಗೆ ಅಜ್ಜನ ಹೆಸರೇ ಬಂತು. 1684ರಿಂದ 1712ರವರೆಗೆ ತಮಿಳು ನೆಲವನ್ನಾಳಿದ ಆ ಶಹಾಜಿ ತೆಲುಗಿನಲ್ಲಿ ಕೃತಿ ರಚಿಸಿದ. ಇಷ್ಟೆಲ್ಲ ಭಾಷೆ ದಾಟಿದರೂ ಯಾರೂ ಆ ಹೆಸರನ್ನು ತಡೆದು 'ನಿನ್ನ ಧರ್ಮ ಯಾವುದು' ಅಂತ ಕೇಳಲಿಲ್ಲ.

ಕನ್ನಡನಾಡಿನಲ್ಲೂ ಇದು ಹೊಸತಲ್ಲ. ಉತ್ತರ ಕರ್ನಾಟಕದ ಹಿಂದೂ ಮನೆಗಳಲ್ಲಿ ಫಕೀರಪ್ಪ, ಹುಸೇನಪ್ಪ, ಸಾಬಣ್ಣ ಇದ್ದಾರೆ. ಶಿಶುನಾಳದ ಶರೀಫರಿಗೆ ಗುರುವಾದವರು ಗೋವಿಂದ ಭಟ್ಟರು. ನಮ್ಮ ಪಕ್ಕದ ಕೇರಳಕ್ಕೆ ಹೋಗಿ 'ಶಾಜಿ' ಅಂತ ಕೂಗಿದರೆ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ತಿರುಗಿ ನೋಡಿಯಾರು.

ಇನ್ನು ನಮ್ಮ ಮೊಯ್ದಿನಬ್ಬರ ಹೆಸರು? ಅದೂ ಇಂಥದ್ದೇ. ಬಗ್ದಾದಿನ ಶೇಖ್ ಅಬ್ದುಲ್ ಖಾದರ್ ಜೀಲಾನಿಯವರ ಬಿರುದು 'ಮುಹ್ಯಿದ್ದೀನ್', ಅಂದರೆ ಧರ್ಮಕ್ಕೆ ಜೀವ ತುಂಬಿದವರು. ಕಲ್ಲಿಕೋಟೆಯ ಖಾಝಿ ಮುಹಮ್ಮದ್ 1607ರಲ್ಲಿ ರಚಿಸಿದ 'ಮುಹ್ಯಿದ್ದೀನ್ ಮಾಲೆ'ಯನ್ನು ನಮ್ಮ ಅಜ್ಜಿಯಂದಿರು ಬಾಯಿಪಾಠ ಹೇಳುತ್ತಿದ್ದರು. ಆ ಹೆಸರು ಉರ್ದುವಿನಲ್ಲಿ ಮೊಹಿಯುದ್ದೀನ್, ಟರ್ಕಿಯಲ್ಲಿ ಮುಹಿತ್ತಿನ್, ಕೇರಳದಲ್ಲಿ ಮೊಯ್ದೀನ್. ನಮ್ಮ ಬ್ಯಾರಿ ಬಾಯಲ್ಲಿ 'ಅಬ್ಬ' ಸೇರಿ ಮೊಯ್ದಿನಬ್ಬ. ಹರಕೆ, ದರ್ಗಾಗಳ ಬಗ್ಗೆ ನಮ್ಮೊಳಗೆ ಭಿನ್ನಾಭಿಪ್ರಾಯ ಇದೆ, ಇಲ್ಲಿ ಆ ಚರ್ಚೆ ಬೇಡ. ಆದರೆ ಒಂದು ಮಾತು ನಿಜ. ಭೋಂಸ್ಲೆ ಮನೆಯ ತಾಯಿ ಮತ್ತು ನಮ್ಮ ಅಜ್ಜಿ ಒಂದೇ ರೀತಿಯ ಕೃತಜ್ಞತೆಯಿಂದ ಮಗುವನ್ನು ಕೂಗಿ ಕರೆದವರು.

ಇಂಥ ಹೆಸರನ್ನು ಈಗ ಜನರನ್ನು ಬೇರ್ಪಡಿಸಲು ಬಳಸುತ್ತಿದ್ದಾರೆ. 2022ರಲ್ಲಿ ನಮ್ಮದೇ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲ ಎಂಬ ಬ್ಯಾನರ್ ನೋಡಿದೆವು. 2024ರಲ್ಲಿ ಉತ್ತರ ಪ್ರದೇಶದ ಕಾಂವಡ್ ಯಾತ್ರೆಯ ದಾರಿಯಲ್ಲಿ ಹೋಟೆಲ್, ಹಣ್ಣಿನ ಗಾಡಿಯವರೆಲ್ಲ ಹೆಸರು ಬರೆದು ನೇತುಹಾಕಬೇಕು ಎಂಬ ಆದೇಶ ಬಂತು. ಜುಲೈ 22ರಂದು ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಯಾವ ಬಗೆಯ ಊಟ ಎಂದು ತಿಳಿಸಿದರೆ ಸಾಕು, ಹೆಸರು ಬರೆಯಿರಿ ಎಂದು ಬಲವಂತ ಮಾಡುವಂತಿಲ್ಲ ಎಂದಿತು. ಕೋರ್ಟು ಬೋರ್ಡನ್ನು ತಡೆಯಬಹುದು. ಮನಸ್ಸಿನೊಳಗಿನ ಬೋರ್ಡನ್ನು ಇಳಿಸಬೇಕಾದವರು ನಾವೆಲ್ಲ.

ನಮ್ಮ ಕಡೆಯ ತಪ್ಪನ್ನೂ ಹೇಳಲೇಬೇಕು. ಅರಬಿ ಅಲ್ಲದ ಹೆಸರು ಕೇಳಿದರೆ ಮೂಗು ಮುರಿಯುವವರು ನಮ್ಮಲ್ಲೂ ಇದ್ದಾರೆ. ಇಬ್ರಾಹೀಂ, ಇಸ್‌ಹಾಕ್, ಯೂಸುಫ್ ಇವು ಅರಬಿಗಿಂತ ಮೊದಲೇ ಇದ್ದ ಹೆಸರುಗಳು. ಪ್ರವಾದಿಯವರು (ಸ.ಅ.) ಹೆಸರು ಬದಲಿಸಿದ್ದು ಅರ್ಥ ಕೆಟ್ಟದಿದ್ದಾಗ, ಭಾಷೆ ಬೇರೆ ಎಂಬ ಕಾರಣಕ್ಕಲ್ಲ. ಹಾಗಿರುವಾಗ ಹಸನಬ್ಬ, ಇದಿನಬ್ಬ, ಕುಂಞಿಮೋನು ಎಂಬ ನಮ್ಮ ಸ್ವಂತ ಹೆಸರುಗಳಿಗೆ ನಾವೇ ನಾಚುವುದೇಕೆ? ಕಿತ್ತಳೆ ಮಾರಿದ ಹಣದಲ್ಲಿ ಊರಿನ ಮಕ್ಕಳಿಗೆ ಶಾಲೆ ಕಟ್ಟಿಸಿದ ಹರೇಕಳ ಹಾಜಬ್ಬರ ಹೆಸರನ್ನು ಪದ್ಮಶ್ರೀ ಸಮಾರಂಭದಲ್ಲಿ ಕರೆದಾಗ ಆ 'ಅಬ್ಬ' ಕೇಳಿ ನಮಗೆ ಹೆಮ್ಮೆಯೇ ಆಯಿತಲ್ಲ!

ಹಾಗಾಗಿ ಹೊಸ ತಂದೆ ತಾಯಂದಿರಿಗೆ ನಮ್ಮ ವಿನಂತಿ ಇಷ್ಟೆ. ಯಾವ ಹೆಸರಾದರೂ ಇಡಿ, ಆದರೆ ಭಯಕ್ಕೆ ಇಡಬೇಡಿ. ಅರ್ಥ ತಿಳಿದು, ಪ್ರೀತಿಯಿಂದ ಇಡಿ. ಮಗು ದೊಡ್ಡದಾದ ಮೇಲೆ ಅದು ಯಾರ ಹೆಸರು, ಎಲ್ಲಿಂದ ಬಂತು ಎಂದು ಕೂರಿಸಿ ಹೇಳಿ. ಬಸವಾಪಟ್ಟಣದ ಕಡೆ ಹೋದರೆ ಹೊದಿಗೆರೆಗೂ ಮಕ್ಕಳನ್ನು ಕರೆದುಕೊಂಡು ಹೋಗಿ. ಒಬ್ಬ ಸೂಫಿಯ ಹೆಸರು ಹೊತ್ತ ಮರಾಠ ಸರದಾರ ಕನ್ನಡದ ಮಣ್ಣಿನಲ್ಲಿ ಮಲಗಿರುವುದನ್ನು ಅವರು ಕಣ್ಣಾರೆ ನೋಡಲಿ.