ಸೋಲಿನ ದಿನ ಮುಂದಾಳಿನ ಮುಖ

ಕೇರಳದ ತುಂಬಾ ಎಂಬ ಕಡಲತೀರದ ಹಳ್ಳಿಯ ಜನರು ಮಗ್ದಲದ ಸಂತ ಮರಿಯಳ ಹೆಸರಿನ ತಮ್ಮ ದೇವಾಲಯವನ್ನು ದೇಶದ ರಾಕೆಟ್ ಕೇಂದ್ರಕ್ಕಾಗಿ ಬಿಟ್ಟುಕೊಟ್ಟ ಸಂಗತಿಯನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ವಿಕ್ರಮ್ ಸಾರಾಭಾಯಿಯವರ ಕೋರಿಕೆಯನ್ನು ಧರ್ಮಾಧ್ಯಕ್ಷ ಪೀಟರ್ ಬರ್ನಾರ್ಡ್ ಪೆರೇರಾ ಅವರು ಜನರ ಮುಂದಿಟ್ಟರು; ಜನರು ಒಪ್ಪಿದರು; 1963ರ ನವೆಂಬರ್ 21ರಂದು ತುಂಬಾದಿಂದ ಮೊದಲ ರಾಕೆಟ್ ಹಾರಿತು. ಹೇಳಿಕೊಳ್ಳತಕ್ಕ ಸಂಗತಿಯೇ ಸರಿ. ಆದರೆ ಅದೇ ಕಾರ್ಯದ ಮುಂದಿನ ಒಂದು ಅಧ್ಯಾಯ ನಮ್ಮ ಧರ್ಮಕೇಂದ್ರಗಳ ಸಂಘಗಳಿಗೂ ಸಮಿತಿಗಳಿಗೂ ಇನ್ನಷ್ಟು ಹತ್ತಿರವಾದುದು. ಅದು ಸೋಲಿನ ಅಧ್ಯಾಯ.

1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಮೇಲೇರಿದ ಎಸ್‌ಎಲ್‌ವಿ-3 ಕೆಲವೇ ನಿಮಿಷಗಳಲ್ಲಿ ಬಂಗಾಳ ಕೊಲ್ಲಿಯ ಪಾಲಾಯಿತು. ಉಪಗ್ರಹವನ್ನು ಕಕ್ಷೆಗೇರಿಸಲು ದೇಶವೇ ನಿರ್ಮಿಸಿದ ಮೊದಲ ವಾಹನವದು; ನೂರಾರು ಜನರ ವರ್ಷಗಳ ದುಡಿಮೆ. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ದೋಷವುಂಟಾಗಿತ್ತು. ಉಡಾವಣೆಗೆ ಮುನ್ನ ಗಣಕಯಂತ್ರ ತಡೆಯೊಡ್ಡಿದ್ದರೂ ತಜ್ಞರ ಮಾತನ್ನು ನಂಬಿ ಮುಂದುವರಿಯಲು ತೀರ್ಮಾನಿಸಿದವನು ತಾನೇ ಎಂದು ಯೋಜನಾ ನಿರ್ದೇಶಕರಾಗಿದ್ದ ಅಬ್ದುಲ್ ಕಲಾಂ ಅವರೇ ಮುಂದೆ ಒಪ್ಪಿಕೊಂಡಿದ್ದಾರೆ. ಅಂದರೆ ಬೆರಳು ತೋರಿಸಲು ಒಬ್ಬ ವ್ಯಕ್ತಿ ಸಿದ್ಧವಾಗಿಯೇ ಇದ್ದರು.

ಇಸ್ರೋ ಸಂಸ್ಥೆಯ ಅಧ್ಯಕ್ಷರು ಆಗ ಪ್ರೊಫೆಸರ್ ಸತೀಶ್ ಧವನ್. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿಯೂ ದುಡಿಯುತ್ತಿದ್ದವರು. ಪತ್ರಕರ್ತರನ್ನು ಎದುರಿಸಲು ಕಲಾಂ ಅವರನ್ನು ಅವರು ಕಳುಹಿಸಲಿಲ್ಲ, ತಾವೇ ಹೋದರು. ಸೋತಿದ್ದೇವೆಂದು ಮರೆಮಾಚದೆ ಹೇಳಿದರು; ತಮ್ಮ ತಂಡದ ಮೇಲೆ ವಿಶ್ವಾಸವಿದೆ, ಬರುವ ವರ್ಷ ಗೆಲ್ಲುತ್ತಾರೆ ಎಂದೂ ಹೇಳಿದರು. ಈ ಪ್ರಸಂಗವನ್ನು ಕಲಾಂ ಅವರು ರಾಷ್ಟ್ರಪತಿಗಳಾದ ಮೇಲೂ ಹೇಳುತ್ತ ಬಂದರು.

ಆ ಹೊತ್ತಿನಲ್ಲಿ ಧವನ್ ಅವರ ಅಂತರಂಗದಲ್ಲಿ ಏನಿತ್ತೋ ನಾವರಿಯೆವು. ಆತಂಕ ಇದ್ದಿರಲೇಬೇಕು. ತಂಡ ಕಂಡದ್ದು ಅವರ ಮುಖವನ್ನು, ಕೇಳಿದ್ದು ಅವರ ಮಾತನ್ನು. ಕೈಕೆಳಗೆ ದುಡಿಯುವವರು ಸುತ್ತೋಲೆಯನ್ನು ಓದುವುದಕ್ಕೆ ಮೊದಲು ಯಜಮಾನನ ಮುಖವನ್ನು ಓದುತ್ತಾರೆ. ಮನೆಯಲ್ಲಿಯೂ ಹಾಗೆಯೇ, ತಂದೆ ಚಪ್ಪಲಿ ಬಿಡುವ ರೀತಿಯಿಂದಲೇ ಅಂದಿನ ಸಂಜೆ ಹೇಗಿರುವುದೆಂದು ಮಕ್ಕಳು ಅಳೆದುಬಿಡುತ್ತಾರೆ. ಮುಖ್ಯಸ್ಥನು ಗದರಿದ ಕಡೆ ತಪ್ಪುಗಳು ನಿಲ್ಲುವುದಿಲ್ಲ, ಅಡಗಿಕೊಳ್ಳುತ್ತವೆ. ದೋಷವೆಲ್ಲಿ ಎಂದು ಹುಡುಕಬೇಕಾದ ತಂಡಕ್ಕೆ ಇದಕ್ಕಿಂತ ದೊಡ್ಡ ಕೇಡು ಬೇರೇನಿದೆ?

ಒಳಗೆ ಅಳುಕಿದ್ದು ಹೊರಗೆ ಧೈರ್ಯ ತೋರುವುದು ಕಪಟವಲ್ಲವೇ ಎಂದು ಕೇಳುವವರಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಅಲ್ಲ. ಕಾಯಿಲೆಯ ಮಗುವಿನ ಹಾಸಿಗೆಯ ಬಳಿ ಕಣ್ಣೊರೆಸಿಕೊಂಡು ಬಂದು ಕೂಡುವ ತಾಯಿಯನ್ನು ಕಪಟಿಯೆಂದು ಯಾರಾದರೂ ಕರೆದಾರೆಯೇ?

ಆದರೆ ಇನ್ನೊಂದು ಬಗೆಯ ನಗುಮುಖವನ್ನೂ ನಾವು ಕಂಡಿದ್ದೇವೆ. ಹಿಂದೊಮ್ಮೆ ನಾವು ಸದಸ್ಯರಾಗಿದ್ದ ಹಬ್ಬದ ಸಮಿತಿಯೊಂದರ ಅಧ್ಯಕ್ಷರು ಬಹಳ ಹಸನ್ಮುಖಿ. ಖರ್ಚಿನ ಲೆಕ್ಕ ಕೇಳಿದಾಗಲೆಲ್ಲ, "ದೇವರಿದ್ದಾನೆ, ಎಲ್ಲ ಸರಿಹೋಗುತ್ತದೆ" ಎಂದು ಬೆನ್ನು ತಟ್ಟುತ್ತಿದ್ದರು. ನಮಗೂ ಅದು ಹಿತವಾಗಿಯೇ ಇತ್ತು, ಸುಳ್ಳೇಕೆ ಹೇಳಬೇಕು. ಹಬ್ಬ ಮುಗಿದ ಮೇಲೆ ಶಾಮಿಯಾನದವನಿಗೂ ಅಡುಗೆಯವನಿಗೂ ಕೊಡಬೇಕಾದ ಬಾಕಿ ಹೊರಬಿತ್ತು. ಅಂದು ಅಧ್ಯಕ್ಷರು ಸಭೆಗೆ ಬರಲಿಲ್ಲ. ಸಾಲಗಾರರ ಮಾತು ಕೇಳಬೇಕಾದವರು, ರಾತ್ರಿಯೆಲ್ಲ ತೋರಣ ಕಟ್ಟಿದ ನಾಲ್ಕು ಮಂದಿ ತರುಣರು. ಬಾಕಿ ಹೇಗೋ ತೀರಿತು. ಆ ತರುಣರು ಮಾತ್ರ ಮತ್ತೆ ಯಾವ ಸಮಿತಿಗೂ ಹೆಸರು ಕೊಡಲಿಲ್ಲ. ಲೆಕ್ಕ ಕೇಳುವುದನ್ನು ಅರ್ಧಕ್ಕೇ ಬಿಟ್ಟವರಲ್ಲಿ ನಾವೂ ಇದ್ದೆವೆಂಬುದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಎರಡೂ ಕಡೆ ಮುಂದಾಳು ಭರವಸೆಯನ್ನೇ ನುಡಿದನು. ಒಬ್ಬರು ಸೋಲನ್ನು ಹೆಸರಿಟ್ಟು ಹೇಳಿದ ಮೇಲೆ ಭರವಸೆ ನುಡಿದರು, ಮತ್ತು ಬೈಗುಳ ಬೀಳುವ ಜಾಗದಲ್ಲಿ ತಾವು ನಿಂತು ನುಡಿದರು. ಇನ್ನೊಬ್ಬರ ನಗು ಲೆಕ್ಕದ ಪುಸ್ತಕದ ಮೇಲೆ ಹೊದಿಸಿದ ಬಟ್ಟೆಯಾಗಿತ್ತು. ನಮ್ಮ ಸಂಘಗಳಿಗೆ ಅಧ್ಯಕ್ಷರನ್ನು ಆರಿಸುವಾಗ ಭಾಷಣವನ್ನು ನೋಡುತ್ತೇವೆ, ಮನೆತನವನ್ನು ನೋಡುತ್ತೇವೆ. ಕಳೆದ ಬಾರಿ ಕೆಲಸ ಕೆಟ್ಟಾಗ ಈತ ಎಲ್ಲಿ ನಿಂತಿದ್ದನೆಂದು ವಿಚಾರಿಸುವುದು ಅಪರೂಪ.

ಎಸ್‌ಎಲ್‌ವಿ-3ರ ತಂಡವನ್ನು ಧವನ್ ಅವರು ಚದುರಿಸಲಿಲ್ಲ. ಕಲಾಂ ಅವರೇ ಯೋಜನಾ ನಿರ್ದೇಶಕರಾಗಿ ಮುಂದುವರಿದರು. 1980ರ ಜುಲೈ 18ರಂದು ವಾಹನವು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆ ಬಾರಿಯೂ ಪತ್ರಕರ್ತರು ಕಾದಿದ್ದರು. ಧವನ್ ಅವರು ಕಲಾಂ ಅವರನ್ನು ಕರೆದು, ಈ ದಿನ ನೀವೇ ಹೋಗಿ ಮಾತನಾಡಿ ಎಂದರು.