ಕಿರುಬೆರಳು ಮಾತ್ರ ಎಚ್ಚರವಾಗಿತ್ತು

ಮಕ್ಕಳೇ, ನಿಮ್ಮ ಅಜ್ಜಿಯೋ ಅಜ್ಜನೋ ನಡುರಾತ್ರಿ ಎದ್ದು ಕೂತು ಕೈ ಕೊಡವುವುದನ್ನು ನೋಡಿದ್ದೀರಾ? ಹಳೇ ಥರ್ಮಾಮೀಟರಿನ ಪಾದರಸ ಇಳಿಸಲು ಕೊಡವುತ್ತಿದ್ದರಲ್ಲ, ಹಾಗೆ. ಕಳೆದ ವರ್ಷ ಅಡಿಕೆ ಸುಗ್ಗಿಯ ಹೊತ್ತಿಗೆ ನಾನು ದಿನಾ ರಾತ್ರಿ ಹಾಗೆ ಮಾಡುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ಈ ವಾರ ಅದೇ ಕಥೆ. ನನ್ನ ಓರಗೆಯ ಓದುಗರೂ ಸ್ವಲ್ಪ ಹತ್ತಿರ ಬಂದು ಕೂತುಕೊಳ್ಳಿ.

ನಮ್ಮದು ತೀರ್ಥಹಳ್ಳಿ ಕಡೆಯ ಮನೆ. ಗೊನೆ ಕೊಯ್ದು ಬಂತೆಂದರೆ ಊಟ ಮುಗಿಸಿ ಎಲ್ಲರೂ ಸಾಲಾಗಿ ಕೂತು ಅಡಿಕೆ ಸುಲಿಯಬೇಕು. ಮದುವೆಯಾಗಿ ಬಂದಾಗಿನಿಂದ ನಲವತ್ತು ವರ್ಷ ನಾನು ಮೆಟ್ಟುಗತ್ತಿಯ ಮುಂದೆ ಕೂತವಳು. ಅಡಿಕೆಯನ್ನು ಕತ್ತಿಗೆ ಒತ್ತಿ, ಮಣಿಕಟ್ಟು ತಿರುಗಿಸಿ ಸಿಪ್ಪೆ ಎಬ್ಬಿಸುವುದು. ಒಂದು ಸುಗ್ಗಿಗೆ ಎಷ್ಟು ಸಾವಿರ ಸಲ ಎಂದು ಯಾರೂ ಲೆಕ್ಕ ಇಟ್ಟಿಲ್ಲ.

ಬೆರಳು ಜೋಮು ಹಿಡಿಯತೊಡಗಿದಾಗ, ವಯಸ್ಸಾಯಿತು, ಇದೂ ಒಂದು ಎಂದುಕೊಂಡೆ. ಆಮೇಲೆ ಮೊಮ್ಮಗಳು ಪುಟ್ಟಿಗೆ ಹಾಕುವ ಜಡೆ ಶಾಲೆಯ ಬೆಲ್ ಹೊಡೆಯುವಷ್ಟರಲ್ಲಿ ಬಿಚ್ಚಿಹೋಗತೊಡಗಿತು. ಪರಿಚಯದವರೊಬ್ಬರು ಎಣ್ಣೆ ಹಾಕಿ ತಿಕ್ಕಿ, ಮಣಿಕಟ್ಟನ್ನು ಲಟಕ್ಕೆಂದು ತಿರುವಿದರು. ಎರಡು ದಿನ ಊದಿಕೊಂಡಿತು. ಅದನ್ನೂ ಸೆರಗಿನಲ್ಲಿ ಮುಚ್ಚಿಕೊಂಡೆ.

ಒಂದು ರಾತ್ರಿ ಸುಲಿಯುತ್ತಿದ್ದಾಗ ಪುಟ್ಟಿ ಕೂಗಿದಳು, "ಅಜ್ಜೀ, ಅಡಿಕೆ ಮೇಲೆಲ್ಲ ರಕ್ತ!"

"ಯಾರದ್ದೇ ಮಾರಾಯ್ತಿ?" ಎಂದು ಆಚೀಚೆ ನೋಡಿದೆ.

"ನಿಂದೇ!"

ನನ್ನ ತೋರುಬೆರಳಿನ ತುದಿ ಕುಯ್ದುಹೋಗಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ರಕ್ತ ನೋಡಿ ಭಯವಾಗಲಿಲ್ಲ. ನೋವಾಗದೆ ಇದ್ದದ್ದಕ್ಕೆ ಭಯವಾಯಿತು. ಲಕ್ವ ಹೊಡೆಯುತ್ತಿದೆಯೇನೋ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಪುಟ್ಟಿ ದೇವರ ಮನೆಯಿಂದ ಒಂದು ಹೂಬತ್ತಿ ತಂದಳು. ನನ್ನನ್ನು ಕಣ್ಣು ಮುಚ್ಚಿ ಕೂರಿಸಿ, ಒಂದೊಂದೇ ಬೆರಳಿಗೆ ಹತ್ತಿ ಸೋಕಿಸಿ, "ಗೊತ್ತಾಯ್ತಾ ಅಜ್ಜಿ?" ಎಂದು ಕೇಳುತ್ತ ಹೋದಳು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮಂಕು. ಕಿರುಬೆರಳು ಚೆನ್ನಾಗಿ ಎಚ್ಚರವಾಗಿತ್ತು. ಉಂಗುರಬೆರಳಿನದು ವಿಚಿತ್ರ: ನಡುಬೆರಳಿನ ಕಡೆಯ ಅರ್ಧ ಮಂಕು, ಕಿರುಬೆರಳಿನ ಕಡೆಯ ಅರ್ಧ ಸರಿ. ಪುಟ್ಟಿ ಸ್ಕೆಚ್ ಪೆನ್ನಿನಲ್ಲಿ ನನ್ನ ಕೈ ಮೇಲೇ ಗಡಿ ಎಳೆದಳು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಆ ಗೆರೆ ನೋಡಿ ನಕ್ಕು, "ಅರ್ಧ ಪರೀಕ್ಷೆ ನೀನೇ ಮುಗಿಸಿದ್ದೀಯಲ್ಲೇ" ಎಂದರು. ನಮಸ್ಕಾರವನ್ನು ತಲೆಕೆಳಗು ಮಾಡಿದಂತೆ ಎರಡೂ ಕೈಗಳ ಹಿಂಬದಿ ತಾಗಿಸಿ, ಬೆರಳು ಕೆಳಮುಖ ಮಾಡಿ ಒಂದು ನಿಮಿಷ ಹಿಡಿಯಲು ಹೇಳಿದರು. ನಿಮಿಷ ತುಂಬುವ ಮೊದಲೇ ಕೈ ಜುಮ್ಮೆಂದಿತು.

ಆಮೇಲೆ ಪುಟ್ಟಿಗೆ ಚಿತ್ರ ಬರೆದು ತೋರಿಸಿದರು. ನಮ್ಮ ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಅವು ಸೇರಿ ಕಮಾನಿನಂತೆ ನಿಲ್ಲುತ್ತವೆ. ಅಂಗೈ ಕಡೆಯಿಂದ ಒಂದು ಗಟ್ಟಿ ಪಟ್ಟಿ ಅದಕ್ಕೆ ಮುಚ್ಚಳ ಹಾಕುತ್ತದೆ. ನಡುವೆ ಉಳಿಯುವುದೇ ಒಂದು ಸುರಂಗ. ಬೆರಳು ಮಡಚುವ 9 ಹುರಿಗಳು ಮತ್ತು ಮೀಡಿಯನ್ ಎಂಬ ಒಂದು ನರ ಅದರೊಳಗೇ ಹಾದುಹೋಗಬೇಕು. ಸಂತೆ ದಿನದ ಬಸ್ಸಿನ ಹಾಗೆ. ಹುರಿಗಳ ಹೊದಿಕೆ ಊದಿಕೊಂಡರೆ ಬಸ್ಸಿನಲ್ಲಿ ಮಗುವಿನ ಗತಿ ಏನಾಗುತ್ತದೋ ಮೆತ್ತಗಿನ ಆ ನರದ ಗತಿ ಅದೇ. ಹೆಬ್ಬೆರಳಿನಿಂದ ಅರ್ಧ ಉಂಗುರಬೆರಳಿನವರೆಗೆ ಸುದ್ದಿ ಒಯ್ಯುವುದು ಆ ನರ. ಕಿರುಬೆರಳಿನ ನರ ಸುರಂಗದೊಳಗೆ ಹೋಗುವುದಿಲ್ಲ, ಅದರ ದಾರಿ ಬೇರೆ. ಕಿರುಬೆರಳು ಎಚ್ಚರವಾಗಿದ್ದದ್ದು ಅದಕ್ಕೇ! ತೊಂದರೆಯ ಹೆಸರು ಕಾರ್ಪಲ್ ಟನಲ್ ಸಿಂಡ್ರೋಮ್.

ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಸಂಧಿವಾತ ಇರುವವರಿಗೆ, ಬಸುರಿಯರಿಗೆ ಇದು ಬರುವುದು ಹೆಚ್ಚು. ನನ್ನ ರಕ್ತ ಪರೀಕ್ಷೆ ಸರಿ ಇತ್ತು. ನರದಲ್ಲಿ ಸಣ್ಣ ಕರೆಂಟು ಹರಿಸಿ ಅದರ ವೇಗ ಅಳೆದರು. "ಮಧ್ಯಮ ಹಂತ. ಆಪರೇಷನ್‌ಗೆ ಅವಸರವಿಲ್ಲ. ರಾತ್ರಿ ಪಟ್ಟಿ ಕಟ್ಟಿಕೊಳ್ಳಿ, ಫಿಸಿಯೋಥೆರಪಿ ಮಾಡಿಸಿ. ಆರು ವಾರ ನೋಡೋಣ" ಎಂದರು.

ಫಿಸಿಯೋಥೆರಪಿಯ ಹುಡುಗಿ ಮೊದಲು ಮುಟ್ಟಿದ್ದು ನನ್ನ ಕುತ್ತಿಗೆಯನ್ನು!

"ತೊಂದರೆ ಕೈಯಲ್ಲಿ ಮಗಳೇ" ಎಂದೆ.

"ಈ ನರ ಹೊರಡೋದೇ ಕುತ್ತಿಗೆಯಿಂದ ಅಮ್ಮಾ. ದಾರಿಯಲ್ಲಿ ಬೇರೆಲ್ಲಾದರೂ ಸಿಕ್ಕಿಹಾಕಿಕೊಂಡಿದೆಯಾ ನೋಡಬೇಕಲ್ಲ" ಎಂದಳು.

ಕುತ್ತಿಗೆ, ಭುಜ, ಮುಂಗೈ ಎಂದು ಇಳಿಯುತ್ತ ಬಂದಳು. ಮುಂಗೈಯ ಬಿಗಿದ ಸ್ನಾಯುಗಳನ್ನು ನಿಧಾನವಾಗಿ ಒತ್ತಿ ಸಡಿಲಿಸಿದಳು. ಮಣಿಕಟ್ಟಿನ ಪುಟ್ಟ ಮೂಳೆಗಳನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದಳು. ತನ್ನ ಎರಡೂ ಹೆಬ್ಬೆರಳನ್ನು ನನ್ನ ಅಂಗೈಯ ನಡುವೆ ಇಟ್ಟು, ಪುಸ್ತಕ ತೆರೆದ ಹಾಗೆ ಹೊರಕ್ಕೆ ಬಿಡಿಸಿದಳು. ಎಲ್ಲೂ ಲಟಕ್ಕೆನ್ನಲಿಲ್ಲ, ಎಲ್ಲೂ ಹಿಂಡಲಿಲ್ಲ. "ಇಷ್ಟೇನಾ?" ಎಂದೆ. "ಕಿರಿಕಿರಿಗೊಂಡ ನರವನ್ನು ಹಿಂಡಿದರೆ ಇನ್ನೂ ಮುನಿಸಿಕೊಳ್ಳುತ್ತೆ" ಎಂದಳು.

ಮುಖ್ಯ ಪಾಠ ಆಮೇಲೆ ಬಂತು. ನರ ಒಳಗೆ ಸ್ವಲ್ಪ ಸರಿದಾಡಬೇಕಂತೆ. ಲಂಗದ ಲಾಡಿಯನ್ನು ನೆನೆಸಿಕೊಳ್ಳಿ. ಒಂದು ತುದಿ ಎಳೆದು ಇನ್ನೊಂದು ತುದಿ ಬಿಟ್ಟರೆ ನೆರಿಗೆಯೊಳಗೆ ಸರಾಗ ಜಾರುತ್ತದೆ. ಎರಡೂ ತುದಿ ಎಳೆದರೆ ಬಿಗಿಯುತ್ತದೆ. ಹಾಗೆಯೇ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸುವಾಗ ಮೊಣಕೈ ಮಡಚಬೇಕು, ಮೊಣಕೈ ಚಾಚುವಾಗ ಮಣಿಕಟ್ಟು ಸಡಿಲ ಬಿಡಬೇಕು. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ಜೋಮು ಹೆಚ್ಚಾದರೆ ಅಲ್ಲಿಗೇ ನಿಲ್ಲಿಸಬೇಕು. ಪುಟ್ಟಿ ಪಕ್ಕದಲ್ಲಿ ನಿಂತು ಎಣಿಸುತ್ತಿದ್ದಳು.

ಆ ಹುಡುಗಿ ಇನ್ನೊಂದು ಸಂಗತಿ ಹೇಳಿದಳು. ಸ್ಪೇನಿನಲ್ಲಿ ಈ ತೊಂದರೆಯಿದ್ದ 100 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಪರೇಷನ್, ಇನ್ನೊಂದಕ್ಕೆ ವಾರಕ್ಕೊಮ್ಮೆ ಅರ್ಧ ಗಂಟೆಯಂತೆ ಮೂರು ಸಲ ಕೈಚಿಕಿತ್ಸೆ ಕೊಟ್ಟರಂತೆ. 2017ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಒಂದು ತಿಂಗಳ ಹೊತ್ತಿಗೆ ಕೈಚಿಕಿತ್ಸೆಯವರು ಕೈಯನ್ನು ಹೆಚ್ಚು ಚೆನ್ನಾಗಿ ಬಳಸುತ್ತಿದ್ದರು. ವರ್ಷದ ಕೊನೆಗೆ ಎರಡೂ ಗುಂಪು ಸಮ. "ಆದರೆ ಸಕ್ಕರೆ ಕಾಯಿಲೆ, ಥೈರಾಯ್ಡ್ ಇದ್ದವರನ್ನು ಅದಕ್ಕೆ ಸೇರಿಸಿರಲಿಲ್ಲ. ಹಾಗಾಗಿ ಎಲ್ಲರಿಗೂ ಇದೇ ಸಾಕು ಅಂತ ಹೇಳಲ್ಲ ಅಮ್ಮಾ" ಎಂದೂ ಸೇರಿಸಿದಳು. ಅವಳ ಮೇಲೆ ನನಗೆ ನಂಬಿಕೆ ಬಂದದ್ದು ಆ ಮಾತಿನಿಂದ.

ಯಾಕೆಂದರೆ ನನ್ನ ಅಕ್ಕನ ಕೈ ನಾನು ನೋಡಿದ್ದೇನೆ. ಅವಳೂ ನನ್ನಂತೆ ಮುಚ್ಚಿಟ್ಟಳು, ವರ್ಷಗಟ್ಟಲೆ. ಹೆಬ್ಬೆರಳಿನ ಬುಡದ ಮಾಂಸ ಕರಗಿ ಗುಳಿ ಬಿದ್ದ ಮೇಲೆ ಆಸ್ಪತ್ರೆಗೆ ಹೋದಳು. ಅಷ್ಟು ಹೊತ್ತಿಗೆ ಕೈಚಿಕಿತ್ಸೆಯ ಕಾಲ ಮೀರಿತ್ತು. ಆಪರೇಷನ್ ಮಾಡಿ ಸುರಂಗದ ಮುಚ್ಚಳ ಬಿಡಿಸಿದರು. ರಾತ್ರಿಯ ನೋವು ಹೋಯಿತು, ಬಲ ಮಾತ್ರ ಪೂರ್ತಿ ಬರಲಿಲ್ಲ. ಇವತ್ತಿಗೂ ಸಾರಿಗೆ ಚಿಟಿಕೆ ಇಂಗು ಹಾಕಲು ಅಕ್ಕ ಚಮಚ ಹಿಡಿಯುತ್ತಾಳೆ. ಅವಳ ಬೆರಳಿಗೆ ಚಿಟಿಕೆ ಕೂಡುವುದಿಲ್ಲ.

ನನಗೆ ಮೂರನೇ ವಾರ ಒಂದು ರಾತ್ರಿ ಪೂರ್ತಿ ನಿದ್ದೆ ಬಂತು. ಮಲಗುವಾಗ ಮಣಿಕಟ್ಟು ಮಡಚದೆ ನೇರ ಇರಲಿ ಎಂದು ಕಟ್ಟಿಕೊಳ್ಳುವ ಪಟ್ಟಿಯ ಪಾಲೂ ಅದರಲ್ಲಿದೆ. ಆರನೇ ವಾರ ಹೆಬ್ಬೆರಳಿಗೆ ಹೂಬತ್ತಿ ಗೊತ್ತಾಯಿತು. ನಡುಬೆರಳಿನ ತುದಿ ಇನ್ನೂ ಸ್ವಲ್ಪ ಮಂಕು. ಈ ಸಲ ಸುಗ್ಗಿಯಲ್ಲಿ ಅರ್ಧ ಗಂಟೆಗೊಮ್ಮೆ ನನ್ನನ್ನು ಕತ್ತಿ ಮುಂದಿನಿಂದ ಎಬ್ಬಿಸುವ ಕೆಲಸ ಪುಟ್ಟಿಯದು. ಬಹಳ ನಿಷ್ಠೆಯಿಂದ ಮಾಡುತ್ತಾಳೆ. ಜಡೆ ಈಗ ಸಂಜೆ ಶಾಲೆ ಬಿಡುವವರೆಗೂ ನಿಲ್ಲುತ್ತದೆ.

ಅಜ್ಜ ಅಜ್ಜಿಯರೇ, ರಾತ್ರಿ ಜೋಮು ಎಬ್ಬಿಸುತ್ತಿದ್ದರೆ, ಕೈಯಿಂದ ಲೋಟ ಜಾರುತ್ತಿದ್ದರೆ ವಯಸ್ಸಿನ ಮೇಲೆ ಹಾಕಬೇಡಿ. ಮೊದಲು ಡಾಕ್ಟರಿಗೆ ತೋರಿಸಿ. ಹೆಬ್ಬೆರಳಿನ ಬುಡ ಚಪ್ಪಟೆಯಾಗಿದ್ದರೆ ಒಂದು ವಾರವೂ ಕಾಯಬೇಡಿ. ತಿರುವಿ ಎಳೆಯುವವರ ಕೈಗೆ ಕೈ ಕೊಡಬೇಡಿ.

ಮಕ್ಕಳೇ, ನಿಮಗೆ ಈ ವಾರದ ಕೆಲಸ: ಒಂದು ಹೂಬತ್ತಿ ತನ್ನಿ. ಅಜ್ಜಿಯನ್ನು ಕಣ್ಣು ಮುಚ್ಚಿ ಕೂರಿಸಿ. "ಏನೂ ಇಲ್ಲ ಬಿಡೇ" ಎನ್ನುತ್ತಾರೆ. ಬಿಡಬೇಡಿ. ಐದೂ ಬೆರಳನ್ನು ಕೇಳಿ.